ಸ್ಕೈಲ್ಯಾಬ್ ದಿನದ ಮೊದಲ ಪುಟ

ನಮ್ಮ ಮನೆಯ ಹಾಲ್‌ನಲ್ಲಿ, ಬೇರೆಯವರು ಮದುವೆ ಫೋಟೋ ಹಾಕುವ ಜಾಗದಲ್ಲಿ, ಒಂದು ಹಳೆಯ ಸಂಜೆ ಪತ್ರಿಕೆಯ ಮೊದಲ ಪುಟ ಗಾಜು ಹಾಕಿಸಿಕೊಂಡು ಕೂತಿದೆ. ಮದುವೆ ಫೋಟೋ ಮಲಗುವ ಕೋಣೆಗೆ ವರ್ಗವಾಗಿ ಎಷ್ಟೋ ವರ್ಷವಾಯಿತು. ನಮ್ಮವರು ಮೊದಮೊದಲು ಗೊಣಗಿದರು. "ಮದುವೆ ಎಲ್ಲರಿಗೂ ಆಗುತ್ತೆ ಕಣ್ರೀ, ಇದು ಎಲ್ಲರಿಗೂ ಆಗಲ್ಲ" ಎಂದೆ. ಈಗ ವಾರಕ್ಕೊಮ್ಮೆ ಅದರ ಗಾಜು ಒರೆಸುವವರು ಅವರೇ.

ಮೊನ್ನೆ ಕಿರಿಯ ಅಳಿಯಂದಿರು ಕಾಫಿ ಲೋಟ ಹಿಡಿದುಕೊಂಡು ಅದನ್ನು ಮೊದಲ ಸಲ ಪೂರ್ತಿ ಓದಿದರು. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತನೇ ಇಸವಿ, ಜುಲೈ ಹನ್ನೊಂದು, ಬುಧವಾರ. ಮೇಲೆ ಮುಷ್ಟಿ ಗಾತ್ರದ ಅಕ್ಷರದಲ್ಲಿ 'ಸ್ಕೈಲ್ಯಾಬ್ ಇಂದು ಬೀಳುವ ಸಂಭವ'. ಕೆಳಗೆ, 'ಸಾರ್ವಜನಿಕರು ಗಾಬರಿಪಡಬೇಕಾಗಿಲ್ಲ, ಆದರೆ ಎಚ್ಚರದಿಂದಿರಬೇಕು'. ಅಮೆರಿಕದ ಬಾಹ್ಯಾಕಾಶ ನಿಲ್ದಾಣವೆಂಬ ಎಪ್ಪತ್ತೇಳು ಟನ್ನಿನ ಕಬ್ಬಿಣ ಆಕಾಶದಿಂದ ತಲೆ ಮೇಲೆ ಬರುವಾಗ ಎಚ್ಚರದಿಂದಿದ್ದು ಏನು ಮಾಡಬೇಕು ಎಂದು ಮಾತ್ರ ಬರೆದಿಲ್ಲ. ಎಡಗಡೆ, ಹೊಳೆಯ ಸೇತುವೆ ಇನ್ನು ಮೂರು ತಿಂಗಳಲ್ಲಿ ಮುಗಿಯುತ್ತದೆ ಎಂಬ ಭರವಸೆ. ಅದರ ಕೆಳಗೆ, ಸಕ್ಕರೆ ದಾಸ್ತಾನು ಸಾಕಷ್ಟಿದೆ, ಆದ್ದರಿಂದ ಜನ ಸಾಲಿನಲ್ಲಿ ಶಿಸ್ತಿನಿಂದ ನಿಲ್ಲಬೇಕು ಎಂಬ ಪ್ರಕಟಣೆ. ಮೂಲೆಯಲ್ಲಿ ಹಲ್ಲಿನ ಡಾಕ್ಟರರೊಬ್ಬರ ಗಿಳಿ ಕಳೆದುಹೋದ ಜಾಹೀರಾತು.

"ಅತ್ತೆ, ಅವತ್ತಿನ ಸುದ್ದಿ ಒಂದಕ್ಕಿಂತ ಒಂದು ಮಜವಾಗಿದೆ" ಎಂದು ಅಳಿಯಂದಿರು ನಕ್ಕರು.

"ಅವತ್ತಿನದು ಅರ್ಧ ಮಾತ್ರ. ಇನ್ನರ್ಧ ಅದಕ್ಕೂ ಆರು ದಿನ ಹಿಂದಿನದು" ಎಂದೆ.

ಅತ್ತೆಗೆ ಅರವತ್ತೇಳಕ್ಕೇ ಅರಳುಮರಳು ಶುರುವಾಯಿತು ಎಂಬಂತೆ ಅವರು ನನ್ನ ಮಗಳ ಮುಖ ನೋಡಿದರು. ಇಂಥ ನೋಟಕ್ಕೆ ಉತ್ತರ ಕೊಡದೆ ಬಿಟ್ಟವಳಲ್ಲ ನಾನು. ಕೂರಿಸಿ ಪೂರ್ತಿ ಹೇಳಿದೆ. ಅದನ್ನೇ ಈಗ ಬರೆಯುತ್ತಿದ್ದೇನೆ.

ಆಗ ನನಗೆ ಇಪ್ಪತ್ತೆರಡು. ಆ ಸಂಜೆ ಪತ್ರಿಕೆಯ ಅಚ್ಚುಕೂಟದಲ್ಲಿ ಕೆಲಸಕ್ಕೆ ಸೇರಿ ಹತ್ತು ತಿಂಗಳಾಗಿತ್ತು. ಆಗೆಲ್ಲ ಒಂದೊಂದು ಅಕ್ಷರಕ್ಕೂ ಸೀಸದ ಒಂದೊಂದು ಮೊಳೆ. ಕಂಪೋಸಿಟರು ಕೈಯಲ್ಲಿ ಸ್ಟಿಕ್ ಎಂಬ ಚಿಕ್ಕ ಪಟ್ಟಿ ಹಿಡಿದು, ಮರದ ಖಾನೆಗಳಿಂದ ಮೊಳೆ ಆಯ್ದು, ಸಾಲು ಸಾಲಾಗಿ ಜೋಡಿಸಬೇಕು. ಅಚ್ಚಾದ ಮೇಲೆ ಆ ಪುಟವನ್ನು ಬಿಚ್ಚಿ ಪ್ರತಿ ಮೊಳೆಯನ್ನೂ ಅದರದರ ಖಾನೆಗೆ ವಾಪಸು ಹಾಕಬೇಕು. ಜೋಡಿಸುವವರಿಗೆ ಮರ್ಯಾದೆ. ಬಿಚ್ಚುವವರಿಗೆ ಬೆನ್ನುನೋವು. ನನ್ನದು ಬಿಚ್ಚುವ ಕೆಲಸ.

ನನಗೆ ಬೇಕಾಗಿದ್ದದ್ದು ಜೋಡಿಸುವ ಕೆಲಸ. ಸೇರಿದ ವಾರವೇ ಫೋರ್ಮನ್ನರನ್ನು ಕೇಳಿದ್ದೆ. ಮೂವತ್ತು ವರ್ಷ ಸೀಸ ಮುಟ್ಟಿ ಮುಟ್ಟಿ ಬೆರಳ ತುದಿ ಕಪ್ಪಾಗಿದ್ದ ಮನುಷ್ಯ. ಕೆಟ್ಟವರಲ್ಲ. "ಹೆಣ್ಮಕ್ಕಳ ಕೈಗೆ ಸ್ಟಿಕ್ ಭಾರವಾಗುತ್ತಮ್ಮಾ, ನಿಮ್ಮ ಒಳ್ಳೇದಕ್ಕೇ ಹೇಳ್ತಾ ಇದ್ದೀನಿ" ಎಂದರು. ಒಂದು ಸ್ಟಿಕ್ಕು ಅಡುಗೆಮನೆಯ ಸೌಟಿಗಿಂತ ತೂಕವಿಲ್ಲ. ಸೌಟನ್ನಾದರೆ ಹೆಣ್ಣುಮಕ್ಕಳು ಜನ್ಮವಿಡೀ ಹಿಡಿಯಬಹುದು, ಅದು ಭಾರವಾಗುವುದಿಲ್ಲ! ಆದರೆ ಇದನ್ನು ಅವರೆದುರು ಹೇಳುವಷ್ಟು ಬಾಯಿ ಆಗ ನನಗೆ ಬಂದಿರಲಿಲ್ಲ.

ಬಾಯಿ ಬರದವಳು ಕೈ ಚಾಚಿದೆ. ಹಳೇ ಕಬ್ಬಿಣದ ಡಬ್ಬಿಯಲ್ಲಿ ಬಿದ್ದಿದ್ದ ಡೊಂಕು ಸ್ಟಿಕ್ಕೊಂದನ್ನು ಎತ್ತಿಟ್ಟುಕೊಂಡೆ. ಎಲ್ಲರೂ ಊಟಕ್ಕೆ ಹೋದ ಅರ್ಧ ಗಂಟೆಯಲ್ಲಿ, ಬಿಚ್ಚಬೇಕಾದ ಪುಟದ ಒಂದು ಭಾಗ ಬಿಚ್ಚಿ, ಮತ್ತೆ ನಾನೇ ಜೋಡಿಸಿ, ಅಚ್ಚಾದ ಪತ್ರಿಕೆಗೆ ತಾಳೆ ನೋಡುತ್ತಿದ್ದೆ. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಹೀಗೆ ಎಂಟು ತಿಂಗಳಾಗುವಷ್ಟರಲ್ಲಿ ನನಗೆ ಸೀದಾ ಅಕ್ಷರಕ್ಕಿಂತ ತಿರುಗುಮುರುಗಾದದ್ದೇ ಬೇಗ ಓದಲು ಬರುತ್ತಿತ್ತು. ಮನೆಯಲ್ಲಿ ಅತ್ತಿಗೆ "ನಿನ್ನ ಬುದ್ಧಿಯೂ ಹಾಗೇ ಬಿಡು" ಎನ್ನುತ್ತಿದ್ದಳು.

ಹೀಗಿರುವಾಗ ನನಗೆ ಆಸೆ ಹೆಚ್ಚಾಯಿತು. ಆ ಜುಲೈ ಐದನೇ ತಾರೀಖಿನ, ಗುರುವಾರದ ಮೊದಲ ಪುಟ ಬಿಚ್ಚಲು ನನ್ನ ಮೇಜಿಗೆ ಬಂತು. ತುಂಬಾ ಅಚ್ಚುಕಟ್ಟಾದ ಪುಟ. ಇದೊಂದನ್ನು ಇಡಿಯಾಗಿ ಇಟ್ಟುಕೊಂಡರೆ ಕಲಿಯುವುದಕ್ಕೆ ಪಾಠದ ಪುಸ್ತಕದ ಹಾಗೆ ಇರುತ್ತದೆ ಎನಿಸಿತು. ಸುತ್ತ ದಾರ ಬಿಗಿದು, ತಗಡಿನ ತಟ್ಟೆಯ ಮೇಲಿಟ್ಟು, ಮೇಜಿನ ಕೆಳಗೆ ರದ್ದಿ ಕಾಗದದ ಹಿಂದೆ ತಳ್ಳಿದೆ. ಎರಡು ದಿನದಲ್ಲಿ ಬಿಚ್ಚಿದರಾಯಿತು ಎಂದುಕೊಂಡಿದ್ದೆ.

ಒಂದು ಪುಟದಷ್ಟು ಮೊಳೆ ಮಾಯವಾದರೆ ಖಾನೆಗಳು ಸುಮ್ಮನಿರುತ್ತವೆಯೇ? ಶನಿವಾರದ ಹೊತ್ತಿಗೇ ಕಂಪೋಸಿಟರುಗಳು "ಮೊಳೆ ಸಾಲ್ತಾ ಇಲ್ಲ" ಎಂದು ಕೂಗಾಡತೊಡಗಿದರು. ಸೋಮವಾರ ಫೋರ್ಮನ್ನರು ನನ್ನ ಮೇಜಿನ ಹತ್ತಿರ ಬಂದು ನಿಂತರು. "ಬಿಚ್ಚೋ ಕೆಲಸ ನಿಧಾನ ಆಗ್ತಾ ಇದೆಯಮ್ಮಾ. ಬರೋ ಶನಿವಾರದವರೆಗೆ ನೋಡ್ತೀನಿ. ಖಾನೆ ತುಂಬಲಿಲ್ಲ ಅಂದ್ರೆ ನೀವು ಬೇರೆ ಕಡೆ ಕೆಲಸ ನೋಡ್ಕೋಬೇಕಾಗುತ್ತೆ" ಎಂದರು. ಹೇಳುವಾಗ ಅವರ ಕಾಲಿಗೂ ನಾನು ಬಚ್ಚಿಟ್ಟ ಪುಟಕ್ಕೂ ನಡುವೆ ಒಂದು ಗೇಣು ಅಂತರ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುವ ಹಾಗೆ ನಾನು ಸೆರಗು ಸರಿಮಾಡಿಕೊಂಡು ತಲೆ ಆಡಿಸಿದೆ. ಅವತ್ತಿನಿಂದ ಊಟದ ಹೊತ್ತಿನಲ್ಲೂ ಯಾರಾದರೂ ಸುತ್ತ ಇರುತ್ತಿದ್ದರು, ಅದನ್ನು ಹೊರಗೆಳೆದು ಬಿಚ್ಚುವುದಕ್ಕೂ ದಾರಿ ಸಿಗಲಿಲ್ಲ.

ಬುಧವಾರ ಬಂತು. ಆ ವಾರ ಇಡೀ ಪ್ರಪಂಚ ಕತ್ತು ಮೇಲೆತ್ತಿಕೊಂಡು ಓಡಾಡುತ್ತಿತ್ತು. ಸ್ಕೈಲ್ಯಾಬ್ ಎಂಬುದು ಹಾರುವುದನ್ನು ಬಿಟ್ಟಿದೆ, ಎಲ್ಲಿ ಬೀಳುತ್ತದೋ ಅದನ್ನು ಹಾರಿಸಿದವರಿಗೇ ಗೊತ್ತಿಲ್ಲ ಎಂದು ರೇಡಿಯೋ ಗಂಟೆಗೊಮ್ಮೆ ಹೇಳುತ್ತಿತ್ತು. ನಮ್ಮ ಮೂವರು ಕಂಪೋಸಿಟರುಗಳಲ್ಲಿ ಒಬ್ಬನನ್ನು ಅವನ ಹೆಂಡತಿ ಕೆಲಸಕ್ಕೇ ಕಳಿಸಲಿಲ್ಲ. ಸತ್ತರೆ ಎಲ್ಲರೂ ಒಟ್ಟಿಗೇ ಸಾಯೋಣ ಎಂದಳಂತೆ. ನಮ್ಮ ಅತ್ತಿಗೆ ಮಾತ್ರ ಮಾಮೂಲಿನಂತೆ ಬಟ್ಟೆ ಒಣಗಲು ಹಾಕಿ, "ಬೀಳೋದಾದ್ರೆ ಮಧ್ಯಾಹ್ನದ ಮೇಲೆ ಬೀಳಲಿ, ಅಷ್ಟು ಹೊತ್ತಿಗೆ ಒಣಗಿರುತ್ತೆ" ಎಂದಿದ್ದಳು.

ನಮ್ಮದು ನಾಲ್ಕು ಗಂಟೆಗೆ ಊರಿನ ಕಾರ್ಖಾನೆ ಬಿಡುವ ಹೊತ್ತಿಗೆ ಗೇಟಿನಲ್ಲಿರಬೇಕಾದ ಪತ್ರಿಕೆ. ಎರಡಕ್ಕೆ ಯಂತ್ರ ಶುರುವಾಗಲೇಬೇಕು. ನಲವತ್ತೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಅವತ್ತು ಹನ್ನೆರಡಕ್ಕೆಲ್ಲ ಮೊದಲ ಪುಟ ಸಿದ್ಧವಾಗಿ, ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿಯಾಗಿ ಕೂತಿತ್ತು. ಅದನ್ನು ಕಲ್ಲಿನ ಮೇಜಿನಿಂದ ಯಂತ್ರದ ಕೋಣೆಗೆ ಒಯ್ಯಲು ಒಂದು ತುದಿ ಫೋರ್ಮನ್ನರು ಹಿಡಿದರು, ಇನ್ನೊಂದು ತುದಿ ಯಂತ್ರ ನಡೆಸುವವನು. ಅವನು ಆರಡಿ ಎತ್ತರದ ಆಳು, ನಾವೆಲ್ಲ ಪೈಲ್ವಾನ ಎನ್ನುತ್ತಿದ್ದೆವು.

ಅವರು ಬಾಗಿಲ ಹತ್ತಿರ ಬಂದಿದ್ದರು. ಹೊರಗೆ ಬೀದಿಯಲ್ಲಿ ಢಮ್ ಎಂದಿತು. ಕಿಟಕಿ ಗಾಜು ಅದುರಿತು. ಪೈಲ್ವಾನ ಚೌಕಟ್ಟು ಬಿಟ್ಟು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ಇಡೀ ಪುಟದ ಭಾರ ಫೋರ್ಮನ್ನರ ಕೈಗೆ ಬಂತು. ಅವರು ಒಂದು ಕ್ಷಣ ಹಿಡಿದರು. ಆಮೇಲೆ ಅದು ಮೂಲೆ ಕೆಳಗಾಗಿ ನೆಲಕ್ಕೆ ಬಡಿಯಿತು, ಹತ್ತು ಸಾವಿರ ಮೊಳೆ ಚೆಲ್ಲಾಪಿಲ್ಲಿಯಾಗಿ ಗೋಡೆಯವರೆಗೂ ಉರುಳಿದವು.

ಉಪಸಂಪಾದಕರು ಮೇಜಿನ ಕೆಳಗಿನಿಂದ "ಎಲ್ಲಿ ಬಿತ್ತು? ಎಲ್ಲಿ ಬಿತ್ತು?" ಎಂದು ಕೂಗಿದರು. ನಾನು ಕಿಟಕಿಯಿಂದ ನೋಡಿದೆ. ಲಾರಿಯೊಂದರ ಟಯರು ಒಡೆದಿತ್ತು. ಅದರ ಡ್ರೈವರು ಚಕ್ರ ನೋಡುವುದು ಬಿಟ್ಟು ಆಕಾಶ ನೋಡುತ್ತಿದ್ದ.

"ಸ್ಕೈಲ್ಯಾಬ್ ಅಲ್ಲ ಸಾರ್, ಟಯರು" ಎಂದೆ. ಯಾರೂ ನಗಲಿಲ್ಲ. ಫೋರ್ಮನ್ನರು ಕಾಗದದ ಕಟ್ಟಿನ ಮೇಲೆ ಕುಸಿದು ಕೂತಿದ್ದರು. ತಲೆ ಮೇಲೆ ಆಕಾಶ ಕಳಚಿ ಬೀಳುವುದು ಅಂದರೆ ಏನೆಂದು ನಾನು ಅವರ ಮುಖದಲ್ಲಿ ನೋಡಿದೆ. ಐದು ಕಾಲಮ್ಮಿನ ಪುಟ ಮತ್ತೆ ಜೋಡಿಸಲು ಮೂವರಿಗೆ ನಾಲ್ಕು ಗಂಟೆ ಬೇಕು. ಇದ್ದವರು ಇಬ್ಬರು, ಇದ್ದದ್ದು ಎರಡು ಗಂಟೆಗೂ ಕಡಿಮೆ. ಮೇಲಾಗಿ ಖಾನೆಯಲ್ಲಿ ಮೊಳೆ ಇಲ್ಲ, ಎಲ್ಲವೂ ನೆಲದ ಮೇಲೆ.

"ಆಗಲ್ಲ" ಎಂದರು ಫೋರ್ಮನ್ನರು. "ಇವತ್ತು ಪತ್ರಿಕೆ ಬರಲ್ಲ. ಯಜಮಾನರಿಗೆ ನಾನೇ ಹೋಗಿ ಹೇಳ್ತೀನಿ."

ನನ್ನ ಕಾಲ ಬುಡದಲ್ಲಿ ಒಂದು ಇಡೀ ಮೊದಲ ಪುಟವಿತ್ತು. ತೆಗೆದರೆ ನಾನೇ ಕಳ್ಳಿ ಎಂದು ಒಪ್ಪಿಕೊಂಡ ಹಾಗೆ, ಶನಿವಾರದವರೆಗೆ ಕಾಯುವ ಪ್ರಮೇಯವೂ ಇರುವುದಿಲ್ಲ. ತೆಗೆಯದಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಈಗ ನೆಲದ ಮೇಲೆ ಬಿದ್ದ ರಾಶಿಯಲ್ಲಿ ಅದನ್ನೂ ಸುರಿದುಬಿಟ್ಟರೆ ನನ್ನ ತಪ್ಪೇ ಮುಚ್ಚಿಹೋಗುತ್ತಿತ್ತು. ಆ ಯೋಚನೆ ಬಂದದ್ದು ನಿಜ, ಸುಳ್ಳು ಯಾಕೆ ಹೇಳಲಿ. ಆದರೆ ಆ ಮನುಷ್ಯ ಎದ್ದು ಅಂಗಿಯ ಗುಂಡಿ ಹಾಕಿಕೊಂಡರು, ಯಜಮಾನರ ಮುಂದೆ ನಿಲ್ಲುವುದಕ್ಕೆ. ಅದನ್ನು ನೋಡಲಾಗಲಿಲ್ಲ. ನಾನು ಬಗ್ಗಿ, ರದ್ದಿ ಸರಿಸಿ, ತಟ್ಟೆ ಹೊರಗೆಳೆದೆ.

ಫೋರ್ಮನ್ನರು ದಾರದ ಗಂಟು ನೋಡಿದರು. ತಿರುಗುಮುರುಗು ಅಕ್ಷರ ಓದಿದರು.

"ಎಷ್ಟು ದಿನದಿಂದ ಇದೆ ಇದು?"

"ಆರು ದಿನ."

"ಯಾಕೆ?"

"ಕಲಿಯೋಕೆ."

ಅವರು ನನ್ನನ್ನೇ ನೋಡಿದರು. "ಆಮೇಲೆ ಮಾತಾಡೋಣ" ಎಂದು ತಟ್ಟೆಯನ್ನು ಕಲ್ಲಿನ ಮೇಜಿಗೆ ಎತ್ತಿಕೊಂಡರು.

ಉಪಸಂಪಾದಕರು ಮೇಜಿನ ಕೆಳಗಿನಿಂದ ಬಂದು ಧೂಳು ಕೊಡವಿಕೊಂಡು, "ಹಳೇ ಸುದ್ದಿ ಹಾಕೋದಾ? ನನ್ನ ಹೆಣದ ಮೇಲೆ!" ಎಂದರು. ಫೋರ್ಮನ್ನರು ಓದಿ ಹೇಳುತ್ತ ಹೋದರು. "ಸೇತುವೆ ಮೂರು ತಿಂಗಳಲ್ಲಿ ಮುಗಿಯುತ್ತೆ. ಇವತ್ತು ನೀವು ಏನು ಬರೆದಿದ್ರಿ?" ಉಪಸಂಪಾದಕರು ತಮ್ಮ ಕಾಗದ ತಿರುವಿ ನೋಡಿ ಮೆತ್ತಗೆ, "ಸೇತುವೆ ಮೂರು ತಿಂಗಳಲ್ಲಿ ಮುಗಿಯುತ್ತೆ" ಎಂದರು. "ಸಕ್ಕರೆ?" "ದಾಸ್ತಾನಿದೆ." "ಹವಾಮಾನ?" "ಮೋಡ." ಮೂರು ಕಾಲಂ ಹಾಗೆಯೇ ಉಳಿದವು. ಊರು ಆರು ದಿನದಲ್ಲಿ ಒಂದಿಂಚೂ ಮುಂದೆ ಹೋಗಿರಲಿಲ್ಲ, ಅದೇ ನಮ್ಮನ್ನು ಕಾಪಾಡಿತು.

ಉಳಿದದ್ದು ಎರಡು ಕಾಲಂ. ಒಂದಕ್ಕೆ ಇಬ್ಬರು ಕಂಪೋಸಿಟರುಗಳು ನಿಂತರು. ದೊಡ್ಡ ಅಕ್ಷರಗಳನ್ನು ಪೈಲ್ವಾನ ನೆಲದ ಮೇಲೆ ತೆವಳಿ ಆರಿಸುತ್ತಿದ್ದ, ಮುಖ ಮಾತ್ರ ಎತ್ತುತ್ತಿರಲಿಲ್ಲ. ಸ್ಕೈಲ್ಯಾಬ್ ಸುದ್ದಿಯ ಇಡೀ ಕಾಲಂ ಬಾಕಿ. ಅವತ್ತು ಜನ ಪತ್ರಿಕೆ ಕೊಳ್ಳುತ್ತಿದ್ದದ್ದೇ ಅದಕ್ಕೆ. ಫೋರ್ಮನ್ನರು ಹಳೇ ಪುಟದ ಮೂರು ಕಾಲಂ ಸೇರಿಸಿ ಚೌಕಟ್ಟು ಬಿಗಿಯಬೇಕಿತ್ತು, ಅವರ ಕೈ ಖಾಲಿ ಇರಲಿಲ್ಲ. ನಾನು ಹೆಂಡತಿ ಬಿಡದೆ ಮನೆಯಲ್ಲೇ ಉಳಿದ ಕಂಪೋಸಿಟರನ ಸ್ಟಿಕ್ ತೆಗೆದುಕೊಂಡು ಅವನ ಜಾಗದಲ್ಲಿ ನಿಂತೆ. ಯಾರನ್ನೂ ಕೇಳಲಿಲ್ಲ.

"ಓದಿ ಸಾರ್" ಎಂದೆ.

ಉಪಸಂಪಾದಕರು ಓದುತ್ತ ಹೋದರು. ಖಾನೆಯಲ್ಲಿ ಇಲ್ಲದ ಮೊಳೆಗೆ ನೆಲದ ರಾಶಿಯಲ್ಲಿ ಕೈಹಾಕಿದೆ. ಹತ್ತು ತಿಂಗಳು ಇದೇ ಮೊಳೆಗಳನ್ನು ಇವೇ ಖಾನೆಗೆ ಹಾಕಿದವಳು ನಾನು. ಯಾವುದು ಎಲ್ಲಿದೆ ಎಂದು ಕಣ್ಣು ನೋಡುವ ಮೊದಲೇ ಬೆರಳು ಹೋಗುತ್ತಿತ್ತು. ಬಿಚ್ಚುವವಳ ಬೆನ್ನುನೋವು ಅವತ್ತು ಬಡ್ಡಿಸಮೇತ ವಾಪಸು ಬಂತು. ಮೊದಲ ಹತ್ತು ಸಾಲು ಎರಡೆರಡು ಸಲ ತಾಳೆ ನೋಡಿದೆ. ಆಮೇಲೆ ನಾನು ಅಲ್ಲಿರಲೇ ಇಲ್ಲ, ಮೊಳೆ ಇತ್ತು, ಸಾಲು ಇತ್ತು. ಒಂದು ಸಲ ಉಪಸಂಪಾದಕರು, "ಸ್ವಲ್ಪ ತಡಿ, ನಾನು ಉಸಿರಾದ್ರೂ ತಗೋತೀನಿ" ಎಂದರು. ಅಷ್ಟು ಸಂತೋಷ ನನಗೆ ಅದಕ್ಕೂ ಮೊದಲು ಆಗಿರಲಿಲ್ಲ, ನಮ್ಮವರು ಕ್ಷಮಿಸಲಿ, ಮದುವೆಯ ದಿನವೂ ಆಗಲಿಲ್ಲ.

ಎರಡಕ್ಕೆ ಹತ್ತು ನಿಮಿಷ ಇರುವಾಗ ಪುಟ ಮುಗಿಯಿತು. ಈ ಸಲ ಅದನ್ನು ನಾಲ್ವರು ಹಿಡಿದು ಒಯ್ದರು. ಪೈಲ್ವಾನನನ್ನು ಮುಟ್ಟಗೊಡಲಿಲ್ಲ.

ಸಂಜೆ ಮನೆಯಲ್ಲಿ ಅಣ್ಣ ಪತ್ರಿಕೆ ಬಿಡಿಸಿಕೊಂಡು ಜೋರಾಗಿ ಓದಿದ. "ನೋಡೇ, ಸೇತುವೆ ಇನ್ನೇನು ಮುಗಿದೇಹೋಯ್ತಂತೆ" ಎಂದ. "ಹೋದ ವಾರವೂ ಹಾಗೇ ಅಂದಿದ್ರು" ಎಂದಳು ಅತ್ತಿಗೆ. ಆ ಊರಿನಲ್ಲಿ ನಿಜ ಕಂಡುಹಿಡಿದವಳು ಅವಳೊಬ್ಬಳೇ. ನಾನು ತುಟಿ ಕಚ್ಚಿಕೊಂಡು ಊಟದ ತಟ್ಟೆಯ ಕಡೆ ನೋಡಿದೆ. ಸ್ಕೈಲ್ಯಾಬು ಕೊನೆಗೆ ಎಲ್ಲೋ ದೂರದ ಸಮುದ್ರದಲ್ಲೂ ಜನವಿಲ್ಲದ ಬಯಲಿನಲ್ಲೂ ಬಿತ್ತು, ಯಾರಿಗೂ ಒಂದು ಗೀರೂ ಆಗಲಿಲ್ಲ.

ನನ್ನ ತಲೆ ಮೇಲೆ ಬೀಳುವುದು ಇನ್ನೂ ಬಾಕಿ ಇತ್ತು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಹಲ್ಲಿನ ಡಾಕ್ಟರು ಎರಡೂ ಕೈಯಲ್ಲಿ ಪಂಜರ ಹಿಡಿದುಕೊಂಡು ಅಚ್ಚುಕೂಟಕ್ಕೆ ಬಂದರು.

"ನನ್ನ ಗಿಳಿ ಹೋದ ಶುಕ್ರವಾರವೇ ತಾನಾಗಿ ಮನೆಗೆ ಬಂದಿದೆ" ಎಂದು ಅವರು ಯಜಮಾನರ ಮುಂದೆ ಕೂಗಾಡಿದರು. "ನಿನ್ನೆ ಮತ್ತೆ ಯಾಕ್ರೀ ಜಾಹೀರಾತು ಹಾಕಿದ್ರಿ? ನಿನ್ನೆ ಸಂಜೆಯಿಂದ ಜನ ಗಿಳಿ ತಂದುಕೊಡ್ತಾನೇ ಇದ್ದಾರೆ. ನಾಲ್ಕಾಗಿದೆ! ಒಂದಂತೂ ರೋಗಿಗಳ ಮುಂದೆ ಕೆಟ್ಟ ಮಾತಾಡುತ್ತೆ!"

ಸುದ್ದಿಯನ್ನೆಲ್ಲ ತಾಳೆ ನೋಡಿದ ನಾವು ಜಾಹೀರಾತನ್ನು ನೋಡಿರಲಿಲ್ಲ. ಡಾಕ್ಟರನ್ನು ಸಮಾಧಾನ ಮಾಡಿ ಕಳಿಸಿ, ಯಜಮಾನರು ನಮ್ಮನ್ನೆಲ್ಲ ಒಳಗೆ ಕರೆದರು. ಅವರಿಗೊಂದು ಅಭ್ಯಾಸ. ದಿನವೂ ಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ಓದಿ, ತಪ್ಪು ಕಂಡಲ್ಲೆಲ್ಲ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ ಕಳಿಸುವುದು. ಅವರ ಕಣ್ಣು ತಪ್ಪಿಸಿಕೊಂಡವರಿಲ್ಲ ಎಂದು ಹೆಸರು. ಅವತ್ತು ಆ ಪ್ರತಿ ಅವರ ಮುಂದೆ ಹರಡಿತ್ತು.

"ಇದು ಹೇಗಾಯ್ತು?"

ಫೋರ್ಮನ್ನರು ಒಂದು ಹೆಜ್ಜೆ ಮುಂದೆ ಬಂದರು. "ನನ್ನ ತಪ್ಪು ಯಜಮಾನ್ರೇ. ಪುಟ ನನ್ನ ಕೈಯಿಂದ ಬಿತ್ತು. ಬಿಚ್ಚದೆ ಉಳಿದಿದ್ದ ಹಳೇ ಪುಟ ಸೇರಿಸಿದೆ." ಅಷ್ಟೇ. ನನ್ನ ಹೆಸರೆತ್ತಲಿಲ್ಲ, ಪೈಲ್ವಾನನ ಹೆಸರೂ ಎತ್ತಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ನಾನು ಬಚಾವಾಗುತ್ತಿದ್ದೆ. ಆದರೆ ಅವರು ತಪ್ಪು ಹೊತ್ತುಕೊಂಡರೆ ಅದರ ಜೊತೆಗೆ ನನ್ನ ಕಾಲಮ್ಮೂ ಹೋಗುತ್ತದೆ, ಅದನ್ನು ಜೋಡಿಸಿದವಳು ನಾನು ಎಂದು ಯಾವತ್ತೂ ಯಾರೂ ಹೇಳುವುದಿಲ್ಲ. ಹತ್ತು ತಿಂಗಳು ಬಾರದಿದ್ದ ಬಾಯಿ ಅವತ್ತು ಬಂತು.

"ಅವರು ಸೇರಿಸಿದ್ದು ನಿಜ, ಪುಟ ಬಚ್ಚಿಟ್ಟಿದ್ದು ನಾನು" ಎಂದೆ. "ಆರು ದಿನ ಮೇಜಿನ ಕೆಳಗೆ ಇಟ್ಟಿದ್ದೆ. ಕಂಪೋಸ್ ಕಲಿಯೋಕೆ. ಮೊಳೆ ಸಾಲದೆ ಇದ್ದದ್ದೂ ನನ್ನಿಂದಲೇ. ಗಿಳಿಯೂ ನಂದೇ ತಪ್ಪು. ಆದ್ರೆ ಸ್ಕೈಲ್ಯಾಬ್ ಕಾಲಂ ಕೂಡ ನಾನೇ ಜೋಡಿಸಿದ್ದು."

ಯಜಮಾನರು ಪತ್ರಿಕೆಯ ಕಡೆ ನೋಡಿದರು. ಬಲಗಡೆ ಆ ಇಬ್ಬರು ಕಂಪೋಸಿಟರುಗಳು ಜೋಡಿಸಿದ ಕಾಲಮ್ಮಿನಲ್ಲಿ ಏಳು ಕೆಂಪು ಸುತ್ತು. ಎಡಗಡೆಯ ಹಳೆಯ ಮೂರರಲ್ಲಿ ಐದು. ಹಳೇ ಸುದ್ದಿ ಎಂದು ಅವರಿಗೇ ಗೊತ್ತಾಗಿರಲಿಲ್ಲ, ಪಾಪ, ಆರು ದಿನ ಹಿಂದೆ ತಿದ್ದಿದ್ದನ್ನೇ ಮತ್ತೆ ಶ್ರದ್ಧೆಯಿಂದ ತಿದ್ದಿದ್ದರು. ಸ್ಕೈಲ್ಯಾಬ್ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಒಂದು ಕೆಂಪು ಗೆರೆ ಇರಲಿಲ್ಲ.

"ಈ ಹುಡುಗಿಯಾ?" ಎಂದು ಅವರು ಫೋರ್ಮನ್ನರನ್ನು ಕೇಳಿದರು.

"ಹೌದು. ಒಂದೂವರೆ ಗಂಟೇಲಿ" ಎಂದರು ಫೋರ್ಮನ್ನರು, ಗೋಡೆ ನೋಡಿಕೊಂಡು.

ಯಜಮಾನರು ಪತ್ರಿಕೆಯನ್ನು ಮಡಿಸಿ ನನ್ನ ಕೈಗಿಟ್ಟರು. ಗೋಡೆಯ ಮೇಲಿರುವುದು ಅದೇ ಪ್ರತಿ, ಹತ್ತಿರ ಹೋಗಿ ನೋಡಿದರೆ ಕೆಂಪು ಸುತ್ತುಗಳು ಮಾಸಿಕೊಂಡು ಈಗಲೂ ಇವೆ. "ಇನ್ಮೇಲೆ ಏನನ್ನೂ ಬಚ್ಚಿಡಬಾರದು" ಎಂದು ಹೇಳಿ, "ಉಳಿದದ್ದು ನಿಮಗೆ ಬಿಟ್ಟಿದ್ದು" ಎಂದು ಫೋರ್ಮನ್ನರ ಕಡೆ ತಿರುಗಿದರು.

ಹೊರಗೆ ಬಂದೆವು. 'ಆಮೇಲೆ ಮಾತಾಡೋಣ' ಎಂದಿದ್ದ ಮಾತು ಈಗ ಬರುತ್ತದೆ ಎಂದು ನಾನು ನನ್ನ ಮೇಜಿನ ಹತ್ತಿರ ಹೋಗಿ ನಿಂತೆ. ಬುತ್ತಿಯ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳಬೇಕೋ ಬೇಡವೋ ಎಂದು ತಿಳಿಯಲಿಲ್ಲ. ಫೋರ್ಮನ್ನರು ಕಲ್ಲಿನ ಮೇಜಿನ ಹತ್ತಿರ ಹೋಗಿ, ಅವತ್ತಿನ ಸುದ್ದಿಯ ಕಾಗದಗಳನ್ನು ಹಂಚಿದರು. ಮೊದಲನೆಯವನಿಗೆ, ಎರಡನೆಯವನಿಗೆ, ಅವತ್ತು ಜೀವಂತವಾಗಿ ಕೆಲಸಕ್ಕೆ ಬಂದಿದ್ದ ಮೂರನೆಯವನಿಗೆ. ಇನ್ನೊಂದು ಕಾಗದ ಅವರ ಕೈಯಲ್ಲೇ ಉಳಿದಿತ್ತು. ನನ್ನನ್ನು 'ನೀವು' ಬಿಟ್ಟು ಬೇರೆ ಮಾತಿನಲ್ಲಿ ಕರೆಯದಿದ್ದ ಆ ಮನುಷ್ಯ, ತನ್ನ ಕಂಪೋಸಿಟರುಗಳನ್ನು ಮಾತ್ರ ಬಾಯಿಗೆ ಬಂದಂತೆ ಬೈಯುತ್ತಿದ್ದ ಆ ಮನುಷ್ಯ, ಇಡೀ ಅಚ್ಚುಕೂಟಕ್ಕೆ ಕೇಳುವ ಹಾಗೆ ಕೂಗಿದರು:

"ಏಯ್, ಅಲ್ಲಿ ಕಂಬದ ಹಾಗೆ ನಿಂತ್ಕೊಂಡು ಏನ್ ನೋಡ್ತಾ ಇದ್ದೀಯಾ? ಮೊದಲನೇ ಪುಟ ತಾನಾಗಿ ಜೋಡ್ಸ್ಕೊಳ್ಳುತ್ತಾ? ಬಾ ಇಲ್ಲಿ, ಸ್ಟಿಕ್ ಹಿಡಿ!"